ಬಕೆಟ್ಟಕ್ಕ ಅಳೆದ ನೀರು

ಬೆಳಕು ಹರಿಯುವುದರೊಳಗೆ ಅವಳು ಮುಗಿಸಬೇಕಾದ ಕೆಲಸಗಳು ಇಷ್ಟು: ಒಲೆ ಹಚ್ಚಿ ನೀರು ಕಾಯಿಸುವುದು, ಅತ್ತೆಯನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದು ಒದ್ದೆಯಾದ ಹಾಸಿಗೆ ಬದಲಿಸುವುದು, ಗಂಡನ ಮಂಡಿಗೆ ಎಣ್ಣೆ ತಿಕ್ಕುವುದು, ಅಡುಗೆ ಮಾಡಿ ಡಬ್ಬಿ ತುಂಬುವುದು, ಪಾತ್ರೆ ಬೆಳಗುವುದು, ಆಮೇಲೆ ಹತ್ತು ಲೀಟರಿನ ಬಕೆಟ್ಟು ಹಿಡಿದು ಅಣೆಕಟ್ಟಿನ ಬುಡಕ್ಕಿಳಿದು ಗಂಡನ ನೌಕರಿ ಮಾಡುವುದು.

ನೌಕರಿಯೇನೂ ಬ್ರಹ್ಮವಿದ್ಯೆಯಲ್ಲ. ಅಣೆಕಟ್ಟಿನ ಮಣ್ಣಿನ ಏರಿಯೊಳಗೆ ಜಿನುಗಿದ ನೀರು ಬುಡದಲ್ಲಿ ಒಂದು ಕೊಳವೆಯಿಂದ ಬೀಳುತ್ತದೆ. ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಬೇಕು. ಒಂದು ಬಾಟಲಿ ನೀರು ಹಿಡಿದು ಬಣ್ಣ ನೋಡಬೇಕು. ಎರಡನ್ನೂ ರಿಜಿಸ್ಟರಿಗೆ ಬರೆಯಬೇಕು. ಆದರೆ ಇಳಿಯಲು ನೂರ ಎಂಬತ್ತಾರು ಮೆಟ್ಟಿಲು, ಹತ್ತಲೂ ಅಷ್ಟೇ. ಗಂಡನ ಮಂಡಿ ಕೈಕೊಟ್ಟು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಅವಳು ಪೆನ್ಸಿಲಿನಲ್ಲಿ ಬರೆದು ತರುವುದು, ಶನಿವಾರ ಅವನು ಉಂಡು ತೇಗಿ ಏಳೂ ದಿನದ ಮೇಲೆ ಪೆನ್ನೆಳೆದು ಸಹಿ ಜಡಿಯುವುದು. ಸಂಬಳ ಅವನದು, ಉಸಿರು ಇವಳದು. ಇವಳ ಹೆಸರಿನಲ್ಲಿದ್ದದ್ದು ಗೆಸ್ಟ್‌ಹೌಸಿನ ಕಸ ಗುಡಿಸುವ ಕೆಲಸ ಮಾತ್ರ. ಕಚೇರಿಯವರು ಬಕೆಟ್ಟಕ್ಕ ಎಂದು ಕರೆದು ನಗುತ್ತಿದ್ದರು. ಸಾಹೇಬರಿಗೆ ಹಗಲಿಡೀ ಬಕೆಟ್ ಹಿಡಿಯುವವರಿಗೆ ಆ ಹೆಸರಿರಲಿಲ್ಲ ಅನ್ನುವುದು ಬೇರೆ ಮಾತು.

ವರ್ಷಗಟ್ಟಲೆ ಬಕೆಟ್ಟು ತುಂಬಲು ನಲವತ್ತು ಸೆಕೆಂಡು ಬೇಕಾಗುತ್ತಿತ್ತು. ಎಂಟು ದಿನದ ಹಿಂದೆ ಮೂವತ್ತಕ್ಕೇ ತುಂಬಿತು. ಬಾಟಲಿಯಲ್ಲಿ ನೋಡಿದರೆ ನೀರು ಕೆಂಪಗೆ, ಚಹಾದ ಹಾಗೆ. ಅವಳು ನೇರ ಎಂಜಿನಿಯರ್ ಸಾಹೇಬರ ಮೇಜಿಗೆ ಒಯ್ದಿಟ್ಟಳು.

"ಸಾರ್, ನೀರು ರಾಡಿಯಾಗಿ ಬರ್ತಿದೆ."

"ಮಳೆ ನೀರು ಸೇರಿರತ್ತಮ್ಮ."

"ಮಳೆ ಬಂದು ತಿಂಗಳಾಯ್ತಲ್ಲ ಸಾರ್."

ಸಾಹೇಬರು ಫೋನಿನಿಂದ ತಲೆಯೆತ್ತಲಿಲ್ಲ. "ಬಾಟ್ಲೀನ ಕಿಟಕೀಲಿಡು. ನಾಳೆ ತಿಳಿಯಾಗತ್ತೆ. ಮೇಲಿನ ನೀರು ಬೇರೆ ಬಾಟ್ಲಿಗೆ ಬಗ್ಗಿಸಿ ಚೀಟಿ ಅಂಟಿಸು, ರಿಜಿಸ್ಟರಲ್ಲೂ 'ತಿಳಿ' ಅಂತ ಬರಿ. ಮನೇಲಿ ಬೇಳೆ ತೊಳೆಯಲ್ವಾ? ಇದನ್ನೂ ನಾನೇ ಹೇಳಿಕೊಡಬೇಕಾ?"

ಬೇಳೆಯನ್ನು ಅವಳು ಸಾವಿರ ಸಲ ತೊಳೆದಿದ್ದಳು. ಕೊಳೆ ಹೋದರೆ ಬೇಳೆ ಶುದ್ಧವಾಗುತ್ತದೆ. ಇಲ್ಲಿ ಹೋಗುತ್ತಿರುವುದು ಕೊಳೆಯಲ್ಲ, ಏರಿಯ ಒಡಲಿನ ಮಣ್ಣು. ಇಷ್ಟು ಮಣ್ಣು ಹೊರಗೆ ಬಂತೆಂದರೆ ಒಳಗೆಲ್ಲೋ ಅಷ್ಟು ಜಾಗ ಟೊಳ್ಳಾಗಿದೆ. ಜನ್ಮದಲ್ಲಿ ಒಂದು ಲೋಟ ತೊಳೆಯದವರಿಗೆ ಅದನ್ನು ಹೇಗೆ ಹೇಳುವುದು? ದಿನಾ ಒಂದೊಂದು ಬಾಟಲಿ ಕಿಟಕಿಗೆ ಏರಿತು. ಮೇಲಿನ ನೀರು ಚೀಟಿ ಅಂಟಿಸಿಕೊಂಡು ಕಪಾಟು ಸೇರಿತು. ತಳದ ಗಸಿಯನ್ನು ಬೆರಳು ಹಾಕಿ ಕೆರೆದು ತೊಳೆಯುವ ಭಾಗ್ಯ ಅವಳದು. ನುಣ್ಣನೆಯ ಮಣ್ಣು ಉಗುರಿನಡಿ ಕೂತುಬಿಡುತ್ತಿತ್ತು. ಊಟಕ್ಕೆ ಕೂತಾಗ ಅದನ್ನು ಕಂಡು ಮತ್ತೆ ಎದ್ದು ಕೈ ತೊಳೆಯುತ್ತಿದ್ದಳು.

ರಾಜ್ಯದ ಅಣೆಕಟ್ಟುಗಳೆಲ್ಲ ಎಷ್ಟು ಗಟ್ಟಿ ಎಂದು ನೋಡುವ ಸಮಿತಿ ಹೊರಟಿತ್ತು. ಒಂಬತ್ತು ದಿನಕ್ಕೆ ಮೂವತ್ತನಾಲ್ಕು ಅಣೆಕಟ್ಟು. ಅದು ಬರುವುದರೊಳಗೆ ಇಲ್ಲಿ ಮೇಲಿನ ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿ, ಸುಣ್ಣ ಬಳಿದಾಗಿತ್ತು.

"ಕೆಳಗಿನ ಕೇರೀಲಿ ಮುನ್ನೂರು ಮನೆ ಇದೆ ಕಣ್ರೀ," ಎಂದಳು ಗಂಡನಿಗೆ, ಸಮಿತಿ ಬರುವ ಹಿಂದಿನ ದಿನ ಸಂಜೆ.

"ನಿಂಗ್ಯಾಕೆ ಊರ ಉಸಾಬರಿ? ಇಷ್ಟು ವರ್ಷ ನಾನು ಕೆಳಗೆ ಇಳಿದೇ ಇಲ್ಲ ಅಂತ ಗೊತ್ತಾದ್ರೆ ನೌಕರಿ ಹೋಗತ್ತೆ, ಈ ಕ್ವಾರ್ಟರ್ಸೂ ಹೋಗತ್ತೆ. ಅಮ್ಮನ್ನ ಎಲ್ಲಿಗೆ ಹೊತ್ಕೊಂಡು ಹೋಗ್ತೀಯ? ಬೆಳಿಗ್ಗೆ ಒಂಬತ್ತಕ್ಕೆ ರಿಜಿಸ್ಟರ್ ತಂದ್ಕೊಡು, ಸಹಿ ಹಾಕ್ತೀನಿ. ಬಾಯಿಗೆ ಬೀಗ ಹಾಕ್ಕೊಂಡಿರು."

ಮೂಲೆಯ ಮಂಚದಿಂದ ಅತ್ತೆ ಕೆಮ್ಮಿದರು. "ಹಾಸಿಗೆ ಒದ್ದೆಯಾದ್ರೆ ನಾನೂ ಮುಚ್ಚಿಡ್ತೀನಿ ಕಣೋ, ನಾಚಿಕೆಗೆ. ಮೂರನೇ ದಿನ ಮನೆಯೆಲ್ಲಾ ನಾರತ್ತೆ. ಆಗ ತೊಳೆಯೋಳು ಇವಳೇ."

"ನೀನು ಮಲ್ಕೋಮ್ಮ."

ಸಮಿತಿ ಬರುವ ದಿನ ಬಕೆಟ್ಟು ಇಪ್ಪತ್ತಮೂರು ಸೆಕೆಂಡಿಗೆ ತುಂಬಿತು. ರಿಜಿಸ್ಟರನ್ನು ಕಂಕುಳಲ್ಲಿ, ಬಾಟಲಿಯನ್ನು ಸೆರಗಿನಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಅವಳು ಗೆಸ್ಟ್‌ಹೌಸಿಗೆ ಬಂದಳು. ಕಕ್ಕಸು ತಿಕ್ಕಿದಳು, ಹೊಸ ಟವೆಲು ನೇತುಹಾಕಿದಳು, ಸಭೆಯ ಉದ್ದನೆ ಮೇಜು ಒರೆಸಿದಳು. ತಪಾಸಣೆಗೆ ಬಂದ ಅಧಿಕಾರಿಗಳು ಅಭಿಪ್ರಾಯ ಬರೆಯುವ ಪುಸ್ತಕ ಮೇಜಿನ ಮೇಲಿತ್ತು, ದಾರಕ್ಕೆ ಕಟ್ಟಿದ ಪೆನ್ನೂ ಇತ್ತು. ಹನ್ನೊಂದು ವರ್ಷ ಅದರ ಧೂಳು ಒರೆಸಿದ್ದವಳು ಅಂದು ತೆರೆದು ಓದಿದಳು.

'ಕೊಠಡಿಗಳು ಬಹಳ ಸ್ವಚ್ಛ. ಅಣೆಕಟ್ಟಿನ ನಿರ್ವಹಣೆ ತೃಪ್ತಿಕರ.' ಪುಟ ತಿರುಗಿಸಿದಳು. 'ಎಲ್ಲವೂ ಅಚ್ಚುಕಟ್ಟು. ಅಣೆಕಟ್ಟು ಸುಸ್ಥಿತಿಯಲ್ಲಿದೆ.' ಮುಂದಿನ ಪುಟದಲ್ಲೂ ಅದೇ, ಅದರ ಮುಂದೆಯೂ ಅದೇ.

ಬುಡಕ್ಕೆ ಒಬ್ಬರೂ ಇಳಿದಿರಲಿಲ್ಲ. ಅವಳು ತಿಕ್ಕಿದ ಕಕ್ಕಸು ನೋಡಿ ಇವರು ಏರಿ ಗಟ್ಟಿಯೆಂದು ಬರೆದುಹೋಗಿದ್ದರು. ಅವರ ಮೇಲಷ್ಟೇ ಅಲ್ಲ, ಪೊರಕೆ ಹಿಡಿದ ತನ್ನ ಕೈಯ ಮೇಲೂ ಹೇಸಿಗೆಯಾಯಿತು.

ಗಂಟೆ ಎಂಟೂ ಮುಕ್ಕಾಲು. ಮನೆಯಲ್ಲಿ ಗಂಡ ಕಾಯುತ್ತಿದ್ದಾನು. ಅತ್ತೆಯ ಮಂಚ, ಮುಂದೆ ಹುಡುಕಬೇಕಾದ ಬಾಡಿಗೆ ಮನೆಯ ಕಿರಿದಾದ ಬಾಗಿಲು, ಆ ಮಂಚ ಅದರೊಳಗೆ ಹಿಡಿಯುವುದೋ ಇಲ್ಲವೋ ಎಂಬುದನ್ನೂ ಅವಳು ಯೋಚಿಸಿದಳು.

ಆಮೇಲೆ ಅಧ್ಯಕ್ಷರ ಕುರ್ಚಿ ಎಳೆದುಕೊಂಡು ಕೂತಳು. ರಿಜಿಸ್ಟರು ತೆರೆದು, ತಾನೇ ಬರೆದಿದ್ದ ಎಂಟು 'ತಿಳಿ'ಗಳ ಮೇಲೆ ದಾರದ ಪೆನ್ನಿನಿಂದ ಗೀಟು ಹೊಡೆದಳು. ಕೆಳಗೆ ಬರೆದಳು: ಇಪ್ಪತ್ತಮೂರು ಸೆಕೆಂಡು. ಒಂಬತ್ತು ದಿನದಿಂದ ಕೆಂಪು ನೀರು, ಮಣ್ಣು ಸಮೇತ. ಸಹಿಯ ಜಾಗದಲ್ಲಿ ತನ್ನ ಹೆಸರು ಬರೆದಳು, ಒಂದೊಂದೇ ಅಕ್ಷರ, ದುಂಡಗೆ.

ಬಾಟಲಿಯನ್ನು ಚೆನ್ನಾಗಿ ಕುಲುಕಿ ಮೇಜಿನ ನಟ್ಟನಡುವೆ ಇಟ್ಟಳು. ಹೊರಗೆ ಕಾರು ಬಂದ ಸದ್ದಾಯಿತು. ಗಸಿ ಕೂರಬಾರದೆಂದು ಇನ್ನೊಮ್ಮೆ ಕುಲುಕಿದಳು.