ಮೇಲೆ ಕಡಜದ ಗೂಡು, ಕೆಳಗೆ ನಾಗಮಣಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಡಬ್ಲಿನ್ ವಿಮಾನ ನಿಲ್ದಾಣದ ಪಕ್ಕದ ಊರು ಸ್ವೋರ್ಡ್ಸ್. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಮನೆಗಳ ಸಾಲಿನ ಮುಂದೆ ಬಿಳಿ ವ್ಯಾನೊಂದು ನಿಂತಿದೆ. ಮುಂದಿನ ಸೀಟಿನಲ್ಲಿ ನಾಗಮಣಿ ಕೂತಿದ್ದಾರೆ. ರಾತ್ರಿ ಪಾಳಿಯ ಸಮವಸ್ತ್ರದ ಮೇಲೆ ಗಂಡನ ದಪ್ಪ ಜಾಕೆಟ್ಟು. ಕಿಟಕಿಯ ಗಾಜು ನಾಲ್ಕು ಬೆರಳಷ್ಟು ಇಳಿದಿದೆ. ತೊಡೆಯ ಮೇಲೆ ಅಡ್ರಿನಲಿನ್ ಪೆನ್ನು. ಬರೆಯುವ ಪೆನ್ನಲ್ಲ, ತೊಡೆಗೆ ಒತ್ತಿದರೆ ತಾನಾಗಿ ಮದ್ದು ಇಳಿಸುವ ಸೂಜಿ. ವಿಮಾನವೊಂದು ಛಾವಣಿಗಳನ್ನು ಸವರಿಕೊಂಡು ಹೋದಂತೆ ಇಳಿಯುತ್ತದೆ. ನಾಗಮಣಿ ಅತ್ತ ನೋಡುವುದಿಲ್ಲ. ಅವರ ಕಣ್ಣು ಏಣಿಯ ಮೇಲೆ.

ಏಣಿಯ ತುದಿಯಲ್ಲಿ, ಸೂರಿನ ಕೆಳಗೆ, ಬಿಳಿ ಅಂಗಿ ಮತ್ತು ಬಲೆಯ ಮುಸುಕಿನಲ್ಲಿ ಅವರ ಗಂಡ ಶ್ರೀಕಂಠ ಇದ್ದಾರೆ. ಸೂರಿನ ಸಂದಿಯಲ್ಲಿ ಕಡಜಗಳು ಗೂಡು ಕಟ್ಟಿವೆ. ಚಳಿಯ ಬೆಳಗಿನಲ್ಲಿ ಹುಳಗಳೆಲ್ಲ ಒಳಗೇ ಮುದುಡಿಕೊಂಡಿರುತ್ತವೆ. ಆಗಲೇ ಗೂಡಿನ ಬಾಯಿಗೆ ಪುಡಿ ಊದಬೇಕು. ಬಿಸಿಲು ಬಂದರೆ ಅರ್ಧ ಹುಳ ಹೊರಗೆ, ಅರ್ಧ ಒಳಗೆ, ಕೆಲಸ ಕೆಟ್ಟಂತೆಯೇ.

“ರೀ,” ಎಂದು ಕರೆಯುತ್ತಾರೆ ನಾಗಮಣಿ.

“ಹ್ಞೂಂ,” ಎನ್ನುತ್ತದೆ ಮುಸುಕು.

ಇಷ್ಟೇ ಅವರ ಕೆಲಸದ ಕ್ರಮ. ಕೆಳಗಿನಿಂದ ಕರೆ, ಮೇಲಿನಿಂದ ಓಗೊಡುವಿಕೆ. ಓಗೊಡದಿದ್ದರೆ ಪೆನ್ನು ಹಿಡಿದು ಇಳಿಯಬೇಕು. ಧ್ವನಿ ದಪ್ಪಗಾದರೂ ಇಳಿಯಬೇಕು. ಸುತ್ತಲಿನ ಬಡಾವಣೆಗಳಲ್ಲಿ ಕೆಲವರು ಶ್ರೀಕಂಠರ ಹೆಸರೇ ‘ರೀ’ ಎಂದು ತಿಳಿದಿದ್ದಾರೆ. ಈ ಮನೆಯ ಒಡತಿ ಮಿಸೆಸ್ ಬ್ರೆನನ್ ಕೂಡ ಹಾಗೆಯೇ ಕರೆಯುತ್ತಾರೆ. ತಿದ್ದುವ ಚೈತನ್ಯ ಗಂಡ ಹೆಂಡತಿ ಇಬ್ಬರಿಗೂ ಇಲ್ಲ.

ನಾಗಮಣಿಯವರಿಗೆ ನಲವತ್ತೇಳು ವರ್ಷ. ತಿಪಟೂರಿನವರು. ಸ್ವೋರ್ಡ್ಸ್‌ನಲ್ಲೇ ವಯಸ್ಸಾದವರ ಆರೈಕೆ ಕೇಂದ್ರವೊಂದರಲ್ಲಿ ನರ್ಸು. ವಾರಕ್ಕೆ ನಾಲ್ಕು ರಾತ್ರಿ ಪಾಳಿ. ಮಗ್ಗುಲು ಬದಲಿಸುವುದು, ಮಾತ್ರೆ ಕೊಡುವುದು, ತಾಯಿ ಎಲ್ಲಿ ಎಂದು ಕೇಳುವ ತೊಂಬತ್ತರ ಅಜ್ಜನಿಗೆ ಬರ್ತಾಳೆ ಎಂದು ಹೇಳುವುದು. ಏಳಕ್ಕೆ ಪಾಳಿ ಮುಗಿಯುವಾಗ ಬಾಗಿಲಲ್ಲಿ ವ್ಯಾನು ಕಾಯುತ್ತಿರುತ್ತದೆ. ಅಲ್ಲಿಂದ ಅವರ ಎರಡನೇ ಪಾಳಿ. ಅದಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ. ಆಗಸ್ಟ್, ಸೆಪ್ಟೆಂಬರಿನಲ್ಲಿ ಒಂದೊಂದು ಬೆಳಿಗ್ಗೆ ಎರಡು ಮೂರು ಗೂಡು ಇರುತ್ತವೆ. ಅಷ್ಟು ಹೊತ್ತೂ ಅವರು ಕಣ್ಣು ಮುಚ್ಚುವಂತಿಲ್ಲ.

“ರಾತ್ರಿ ಪಾಳಿಗಿಂತ ಆಮೇಲೆ ಮಲಗದೇ ಇರೋದಕ್ಕೇ ಜಾಸ್ತಿ ಸುಸ್ತು,” ಎನ್ನುತ್ತಾರೆ. “ಒಣ ಮೆಣಸಿನಕಾಯಿ ಬಾಯಲ್ಲಿ ಇಟ್ಕೋತೀನಿ. ನಗಬೇಡಿ, ಕಾಫಿಗಿಂತ ವಾಸಿ.”

ಶ್ರೀಕಂಠ ಊರಿನಲ್ಲಿ ಮೊಬೈಲ್ ಗೋಪುರ ಹತ್ತುವ ಕೆಲಸದಲ್ಲಿದ್ದವರು. ಅರಸೀಕೆರೆ, ಹಳೇಬೀಡಿನ ಸುತ್ತಿನ ಗೋಪುರಗಳಲ್ಲಿ ಹೆಜ್ಜೇನು ಕಟ್ಟಿದರೆ ಇಳಿಸಲು ಅವರನ್ನೇ ಕರೆಯುತ್ತಿದ್ದರಂತೆ. ಹೆಂಡತಿಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಾಗ ಹಿಂದೆಯೇ ಬಂದರು. ಇಲ್ಲಿ ಮೊದಲ ಎರಡು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರು. ಆಮೇಲೆ ಡೆಕ್ಲನ್ ಎಂಬಾತ ನಡೆಸುವ ಹುಳ-ಹುಪ್ಪಟೆ ನಿವಾರಣೆಯ ಪುಟ್ಟ ಕಂಪನಿ ಸೇರಿದರು. ಏಣಿ, ಎತ್ತರ, ಕುಟುಕುವ ಹುಳ. ಈ ದೇಶದಲ್ಲಿ ಅವರ ಹಳೆಯ ವಿದ್ಯೆಯನ್ನು ಯಾರಾದರೂ ವಿದ್ಯೆ ಎಂದು ಒಪ್ಪಿಕೊಂಡದ್ದು ಇದೊಂದೇ ಜಾಗದಲ್ಲಿ. ಇದು ನಾಗಮಣಿಗೆ ಗೊತ್ತು. ಬಿಡಿ ಎಂದು ಬಾಯಿಬಿಟ್ಟು ಹೇಳಲು ಆಗದಿರುವುದು ಅದಕ್ಕೇ.

ಹೇಳಬೇಕಾದ ಕಾರಣ ಶುರುವಾದದ್ದು ಎರಡು ವರ್ಷದ ಹಿಂದೆ, ಗಣೇಶನ ಹಬ್ಬದ ದಿನ.

ಇಲ್ಲಿಯ ಕಡಜಗಳಿಗೆ ಬೇಸಿಗೆಯ ಕೊನೆಯಲ್ಲಿ ಸಿಹಿಯ ಹುಚ್ಚು ಹಿಡಿಯುತ್ತದೆ. ಗಣಪನೂ ಅದೇ ಸಮಯಕ್ಕೆ ಬರುತ್ತಾನೆ. ಇಲ್ಲಿಯ ಕನ್ನಡಿಗರು ಬಾಡಿಗೆಗೆ ಹಿಡಿದ ಸಭಾಂಗಣ, ತೆರೆದ ಬಾಗಿಲು, ಪಂಚಾಮೃತದ ಪಾತ್ರೆ, ಬಾಳೆಹಣ್ಣಿನ ರಾಶಿ. ಪಾತ್ರೆಯ ಸುತ್ತ ಹಳದಿ ಕಪ್ಪು ಪಟ್ಟೆಯ ಹುಳಗಳು ಸುತ್ತತೊಡಗಿದವು. “ಶ್ರೀಕಂಠಣ್ಣ, ನಿಮ್ ನೆಂಟ್ರು ಬಂದವ್ರೆ, ಮಾತಾಡ್ಸಿ!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಪಂಚೆ ಉಟ್ಟು ಬರಿಗಾಲಲ್ಲಿದ್ದ ಶ್ರೀಕಂಠ ಪಾತ್ರೆಯನ್ನು ಹೊರಗಿಡಲು ಹೋದರು. ಹೊಸ್ತಿಲಲ್ಲಿ ತೆವಳುತ್ತಿದ್ದ ಒಂದನ್ನು ತುಳಿದರು, ಅದು ಪಾದಕ್ಕೆ ಕುಟುಕಿತು.

ಅದಕ್ಕೆ ಮೊದಲು ಅವರಿಗೆ ಎಷ್ಟು ಕಡಿತವಾಗಿತ್ತೋ ಲೆಕ್ಕವಿಲ್ಲ. ಊದುತ್ತಿತ್ತು, ಇಳಿಯುತ್ತಿತ್ತು. ದೇಹ ಒಳಗೊಳಗೇ ಮುನಿದುಕೊಂಡಿದ್ದು ಯಾರಿಗೂ ತಿಳಿಯಲಿಲ್ಲ. ಆ ದಿನ ಮೊದಲು ಅಂಗೈ ನವೆಯಾಯಿತು. ಆಮೇಲೆ ಧ್ವನಿ ಬದಲಾಯಿತು. ಬಾಯಲ್ಲಿ ಬಟ್ಟೆ ತುರುಕಿದವರಂತೆ ಏನೋ ಅಂದು ಗೋಡೆ ಹಿಡಿದರು.

“ಕೂರ್ಸಿ, ಕೂರ್ಸಿ, ಕುರ್ಚಿ ತನ್ನಿ, ನೀರು ಕೊಡಿ,” ಎಂದರು ಜನ. ನಮ್ಮಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆ ಮಾಡುವುದು ಅದನ್ನೇ. ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದ ನಾಗಮಣಿ ಕುರ್ಚಿ ಕಿತ್ತುಕೊಂಡು ಗಂಡನನ್ನು ನೆಲಕ್ಕೆ ಮಲಗಿಸಿದರು. ಪಾದಗಳನ್ನು ಎತ್ತಿ ಅದೇ ಕುರ್ಚಿಯ ಮೇಲಿಟ್ಟರು. ಇಂಥ ಹೊತ್ತಿನಲ್ಲಿ ರಕ್ತದೊತ್ತಡ ಪಾತಾಳಕ್ಕೆ ಇಳಿಯುತ್ತದೆ. ಎಬ್ಬಿಸಿ ಕೂರಿಸಿದರೆ ಹೃದಯಕ್ಕೆ ರಕ್ತ ಮುಟ್ಟದೆ ಜೀವವೇ ಹೋಗಬಹುದು.

ಖಾಲಿ ನೆಲ ಇದ್ದದ್ದು ಮಂಟಪದ ಮುಂದೆ ಮಾತ್ರ. ಎರಡು ಪಾದಗಳೂ ನೇರವಾಗಿ ಗಣಪನ ಮುಖಕ್ಕೆ.

ಪೂಜೆಗೆ ಕೂತಿದ್ದ ಹಿರಿಯರು ತಿಮ್ಮಯ್ಯ, ಊರಿನಿಂದ ಮಗನ ಮನೆಗೆ ಬಂದವರು, ಎದ್ದು ಬಂದರು. “ಅಮ್ಮಾ, ಕಾಲು ದೇವ್ರ ಕಡೆಗೈತೆ. ಒಂಚೂರು ತಿರುಗ್ಸಾಣ.”

“ಮುಟ್ಟಿದ್ರೆ ನೋಡಿ! ಅಲ್ಲಾಡಿಸ್ಬಾರ್ದು ಅವರನ್ನ.”

ಹಿರಿಯರ ಮುಂದೆ ನಾಗಮಣಿ ಹಾಗೆ ಕೂಗಿದ್ದು ಅದೇ ಮೊದಲು. ತಿಮ್ಮಯ್ಯ ಶ್ರೀಕಂಠರ ಕಾಲುಗಳನ್ನು ನೋಡಿದರು, ದೇವರನ್ನು ನೋಡಿದರು. ಆಮೇಲೆ ಕೈಮುಗಿದು ಪೀಠದ ಎರಡೂ ಬದಿ ಹಿಡಿದು, ಪ್ರತಿಷ್ಠಾಪನೆಯಾಗಿದ್ದ ಗಣಪನನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿದರು. “ಅವನ ಕೈಲಿ ಆಗಾಕಿಲ್ಲ. ನೀನೇ ವಸಿ ತಿರುಗ್ಕೊಳಪ್ಪ.”

ಬ್ಯೂಮಾಂಟ್ ಕಡೆಯ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಡಾಕ್ಟರ್ ಅಪರ್ಣಾ ಅಲ್ಲಿದ್ದರು. ನಾಡಿ ಹಿಡಿದರು, ಆಂಬುಲೆನ್ಸಿಗೆ ಫೋನ್ ಮಾಡಿದರು. ಆದರೆ ಹಬ್ಬಕ್ಕೆ ಬಂದವರ ಯಾರ ಚೀಲದಲ್ಲೂ ಅಡ್ರಿನಲಿನ್ ಇರಲಿಲ್ಲ. ಆಂಬುಲೆನ್ಸು ಬಂದು ಸೂಜಿ ಚುಚ್ಚುವವರೆಗೆ ಮಾಡಬಹುದಾಗಿದ್ದು ಒಂದೇ, ಮಲಗಿಸಿ ಕಾಯುವುದು. ಆ ವರ್ಷದ ಮಂಗಳಾರತಿ ಗಣಪನ ಬೆನ್ನಿಗೆ ಆಯಿತೆಂದು ಜನ ಈಗಲೂ ನಗುತ್ತಾರೆ.

“ನಾನೂ ನಗ್ತೀನಿ ಈಗ,” ಎನ್ನುತ್ತಾರೆ ನಾಗಮಣಿ. “ಅವರ ತುಟಿ ಬಣ್ಣ ಮಾತ್ರ ಮರೀಲಿಲ್ಲ.”

ಅಂದಿನಿಂದ ಶ್ರೀಕಂಠರಿಗೆ ಈ ಅಲರ್ಜಿಗೆ ಚಿಕಿತ್ಸೆ ನಡೆದಿದೆ. ಕಡಜದ ವಿಷವನ್ನೇ ಶುದ್ಧಮಾಡಿ, ಸಾಸಿವೆಗಿಂತ ಕಡಿಮೆ ಪ್ರಮಾಣದಲ್ಲಿ ತೋಳಿಗೆ ಚುಚ್ಚುತ್ತಾರೆ. ಮೊದಮೊದಲು ವಾರಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ. ದೇಹಕ್ಕೆ ಅದನ್ನು ಸಹಿಸುವುದು ಕಲಿಸುವ ಮೂರು ವರ್ಷಗಳ ವ್ರತ. ಚುಚ್ಚಿದ ಮೇಲೆ ಒಂದು ಗಂಟೆ ಕ್ಲಿನಿಕ್ಕಿನಲ್ಲೇ ಕೂರಬೇಕು. ಪಕ್ಕದ ಕುರ್ಚಿಯಲ್ಲಿ ನಾಗಮಣಿ ಇರುತ್ತಾರೆ. ರಜೆಯ ದಿನಗಳೆಲ್ಲ ಅದಕ್ಕೇ ಖರ್ಚು.

ಇನ್ನು ಮೇಲೆ ಗೂಡಿಗೆ ಒಬ್ಬನೇ ಹೋಗಕೂಡದು ಎಂದ ಡೆಕ್ಲನ್. ಜೊತೆಗೆ ಕಳಿಸಲು ಅವನ ಬಳಿ ಜನರಿಲ್ಲ. ಬೇಕಿದ್ದರೆ ಇಲಿಯ ಕೆಲಸ ತಗೋ ಎಂದ. ಸುದ್ದಿ ಕೇಳಿದ ನಾಗಮಣಿಯ ತಾಯಿ ತಿಪಟೂರಿನಿಂದ ಫೋನಿನಲ್ಲೇ, “ಪ್ರಾಣ ಉಳಿಸಿದ ದೇವ್ರ ವಾಹನಕ್ಕೇ ವಿಷ ಇಕ್ತಾರಾ ನಿನ್ ಗಂಡ?” ಎಂದು ಎದೆ ಬಡಿದುಕೊಂಡರು. ಕೊನೆಗೆ ನಾಗಮಣಿ ತಾವೇ ವ್ಯಾನಿನಲ್ಲಿ ಕೂರುತ್ತೇನೆಂದರು. ಡೆಕ್ಲನ್ ತಲೆ ಕೆರೆದುಕೊಂಡ. ನರ್ಸು ಎಂದು ಗೊತ್ತಾದ ಮೇಲೆ ‘ಗ್ರ್ಯಾಂಡ್’ ಅಂದ, ಇಲ್ಲಿಯವರ ಬಾಯಲ್ಲಿ ‘ಎಲ್ಲ ಸರಿ’ ಎಂದು.

ಅವರು ಕೂತರೆ ಮಾತ್ರ ಗಂಡ ಏಣಿ ಹತ್ತಬಹುದು. ಎರಡು ಹಂಗಾಮು ಕೂತಾಗಿದೆ. ಇನ್ನು ಆಗುವುದಿಲ್ಲ ಎಂದು ಹೇಳಬೇಕೆಂದು ಈ ಸೆಪ್ಟೆಂಬರಿನುದ್ದಕ್ಕೂ ಅಂದುಕೊಳ್ಳುತ್ತಿದ್ದಾರೆ. ಹೇಳಿದರೆ ಗಂಡನ ಕೈಯಿಂದ ಏಣಿ ಕಿತ್ತುಕೊಂಡಂತೆ. ಹೇಳದಿದ್ದರೆ ಯಾವುದೋ ಒಂದು ಬೆಳಿಗ್ಗೆ ತಾವು ತೂಕಡಿಸುತ್ತಾರೆ, ಅದೇ ಹೊತ್ತಿಗೆ ಹುಳ ಕುಟುಕುತ್ತದೆ.

ಮನೆಗೆ ಹೋದರೂ ನಿದ್ದೆ ಪೂರ್ತಿಯಲ್ಲ. ಕಡಜ ಕಚ್ಚಿದ ಕನ್ನಡಿಗರೆಲ್ಲ ಫೋನ್ ಮಾಡುವುದು ಅವರಿಗೇ. ನಿನ್ನೆ ಡ್ರೋಹೆಡಾದಿಂದ ಮಧುಶ್ರೀ ಎಂಬ ತಾಯಿ. “ಅಕ್ಕಾ, ಮಗನ ಕೈಗೆ ಕಚ್ಚಿದೆ. ಈರುಳ್ಳಿ ಉಜ್ಲಾ, ಸುಣ್ಣ ಹಚ್ಲಾ?”

“ಈರುಳ್ಳಿ ಸಾರಿಗೆ ಹಾಕಮ್ಮ. ಉಸಿರಾಟ ಸರಿಯಾಗಿದ್ಯಾ? ಮೈಮೇಲೆ ಬೇರೆ ಕಡೆ ಗಂಧೆ ಎದ್ದಿದ್ಯಾ? ವಾಂತಿ? ಧ್ವನಿ?”

“ಇಲ್ಲ ಅಕ್ಕಾ, ಕಿರುಚ್ತಾ ಇದ್ದಾನೆ.”

“ಕಿರುಚ್ಲಿ, ಒಳ್ಳೇದೇ. ಐಸ್ ಇಡು. ಕಣ್ಣಿಟ್ಟಿರು. ಇದ್ರಲ್ಲಿ ಯಾವುದು ಕಾಣಿಸ್ಕೊಂಡ್ರೂ ನನಗೆ ಮಾಡ್ಬೇಡ, ಆಂಬುಲೆನ್ಸ್‌ಗೆ ಮಾಡು.”

ಡಾಕ್ಟರು ಬರೆದುಕೊಟ್ಟ ಪೆನ್ನನ್ನು ಜೋಪಾನವಾಗಿ ಬೀರುವಿನಲ್ಲಿ, ಪಾಸ್‌ಪೋರ್ಟಿನ ಪಕ್ಕ ಎತ್ತಿಡುವವರು ನಮ್ಮವರಲ್ಲಿ ಬಹಳ. “ಒಡವೆ ಅಲ್ಲ ಕಣ್ರೀ, ಚಪ್ಪಲಿ ಇದ್ದ ಹಾಗೆ. ಹೋದಲ್ಲೆಲ್ಲ ಜೊತೆಗಿರ್ಬೇಕು,” ಎಂದು ಹೇಳಿ ಹೇಳಿ ಅವರ ಗಂಟಲು ಸೋತಿದೆ.

ಮಿಸೆಸ್ ಬ್ರೆನನ್ ಮನೆಯ ಮುಂದೆ ಈಗ ಬೆಳಕು ಹರಿದಿದೆ.

“ರೀ.”

ಉತ್ತರವಿಲ್ಲ. ನಾಗಮಣಿಯ ಕೈ ಆಗಲೇ ಬಾಗಿಲ ಮೇಲಿದೆ.

“ನಾಗೂ,” ಎನ್ನುತ್ತದೆ ಮುಸುಕು. ಹೊರಗೆ ಶ್ರೀಕಂಠ ಹಾಗೆ ಕರೆಯುವವರಲ್ಲ. “ಮಣಿಕಟ್ಟಿಗೆ ಕಚ್ತು. ಗ್ಲೌಸ್ ಜಾರಿತ್ತು.”

ಏಣಿಯಿಂದ ತಾವೇ ಇಳಿದು, ಯಾರೂ ಹೇಳದೆಯೇ ಒದ್ದೆ ಹುಲ್ಲಿನ ಮೇಲೆ ಅಂಗಾತ ಮಲಗುತ್ತಾರೆ. ನಾಗಮಣಿ ಕಾಲುಗಳನ್ನು ಸಲಕರಣೆ ಪೆಟ್ಟಿಗೆಯ ಮೇಲಿಡುತ್ತಾರೆ, ಮುಸುಕು ಕಿತ್ತು ಮುಖ ನೋಡುತ್ತಾರೆ. ಒಂದು ಕೈ ನಾಡಿಯ ಮೇಲೆ, ಇನ್ನೊಂದರಲ್ಲಿ ಪೆನ್ನು.

“ಮಾತಾಡ್ತಾ ಇರಿ. ನಿಮ್ಮ ಧ್ವನಿ ಕೇಳ್ಬೇಕು ನಂಗೆ.”

“ಏನ್ ಮಾತಾಡ್ಲಿ?”

“ಬೈಯಿರಿ ಬೇಕಾದ್ರೆ.”

ಶ್ರೀಕಂಠ ಬೈಯುವುದಿಲ್ಲ. ತಾವು ಹತ್ತಿದ ಗೋಪುರಗಳ ಊರುಗಳನ್ನು ಹೇಳತೊಡಗುತ್ತಾರೆ. ಬಾಣಾವರ, ಜಾವಗಲ್, ಗಂಡಸಿ, ಹಾರನಹಳ್ಳಿ. ಪ್ರತಿ ಊರಿನ ಹೆಸರನ್ನೂ ನಾಗಮಣಿ ಸ್ಟೆತಸ್ಕೋಪಿನಲ್ಲಿ ಆಲಿಸುವಂತೆ ಆಲಿಸುತ್ತಾರೆ. ಯಾವ ಅಕ್ಷರವಾದರೂ ದಪ್ಪಗಾಯಿತೇ, ಎಲ್ಲಾದರೂ ಉಸಿರು ಸಿಕ್ಕಿಕೊಂಡಿತೇ. ಮಿಸೆಸ್ ಬ್ರೆನನ್ ರಾತ್ರಿಯುಡುಪಿನಲ್ಲೇ ಬಾಗಿಲಿಗೆ ಬಂದು, “ಸತ್ತನೇನಮ್ಮಾ?” ಎನ್ನುತ್ತಾರೆ. “ಇಲ್ಲ, ಗ್ರ್ಯಾಂಡ್,” ಎನ್ನುತ್ತಾರೆ ನಾಗಮಣಿ, ಗಂಡನ ಮುಖದಿಂದ ಕಣ್ಣು ತೆಗೆಯದೆ.

ಊರುಗಳು ಮುಗಿಯುತ್ತವೆ. ಶ್ರೀಕಂಠ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಮಣಿಕಟ್ಟಿನ ಊತ ರೂಪಾಯಿಯಗಲಕ್ಕೆ ನಿಂತಿದೆ. ಅಂಗೈ ನವೆಯಿಲ್ಲ. ತುಟಿ ತುಟಿಯ ಬಣ್ಣದಲ್ಲೇ ಇದೆ. ಕ್ಲಿನಿಕ್ಕು ತೆರೆಯುವ ಹೊತ್ತಿಗೆ ನಾಗಮಣಿ ಫೋನ್ ಮಾಡುತ್ತಾರೆ. ಕರೆದುಕೊಂಡು ಬನ್ನಿ, ನೋಡುತ್ತೇವೆ, ಆದರೆ ಚಿಕಿತ್ಸೆ ಹಿಡಿದಂತಿದೆ ಎನ್ನುತ್ತಾರೆ ಅತ್ತಲಿಂದ.

“ನೋಡಿದ್ಯಾ?” ಶ್ರೀಕಂಠರ ಮುಖ ಅರಳಿದೆ. “ಮದ್ದು ಕೆಲಸ ಮಾಡ್ತು. ಇನ್ ನೀನ್ ಬರೋದ್ ಬೇಡ. ಮನೇಲಿ ಮಲ್ಕೊ.”

“ಇವತ್ತು ಮಾಡ್ತು,” ಎನ್ನುತ್ತಾರೆ ನಾಗಮಣಿ. ಏಳಲು ಹೋಗಿ ಮತ್ತೆ ಹುಲ್ಲಿನ ಮೇಲೇ ಕೂರುತ್ತಾರೆ. “ರೀ, ಮುಂದಿನ್ ವರ್ಷ ನಾನ್ ಬರಲ್ಲ. ನೀವು ಹತ್ಬೇಡಿ ಅಂತಲ್ಲ. ನನ್ ಕೈಲಿ ಆಗ್ತಿಲ್ಲ.”

ಶ್ರೀಕಂಠ ಅಂಗಿಗೆ ಅಂಟಿದ ಹುಲ್ಲು ಬಿಡಿಸುತ್ತಾರೆ. ಬಹಳ ಹೊತ್ತು ಬಿಡಿಸುತ್ತಾರೆ. “ಡೆಕ್ಲನ್‌ಗೆ ಹೇಳ್ತೀನಿ. ಜೊತೆಗೊಬ್ರನ್ನ ಕೊಟ್ರೆ ಹತ್ತೀನಿ. ಇಲ್ದಿದ್ರೆ ಇಲ್ಲ.”

“ಕೊಡ್ದಿದ್ರೆ? ಇಲಿ?”

“ಇಲಿ ಬೇಡ್ವೇ ಬೇಡ. ನಿಮ್ಮಮ್ಮ ಫೋನ್ ಇಡಲ್ಲ.”

ಅರ್ಧ ಮುಗಿದ ಗೂಡನ್ನು ಡೆಕ್ಲನ್ ಬಂದು ಮುಗಿಸುತ್ತಾನೆ. ಕ್ಲಿನಿಕ್ಕಿನಿಂದ ಮನೆ ಸೇರುವಾಗ ಮಧ್ಯಾಹ್ನ ಕಳೆದಿದೆ. ಶಾಲೆಯಿಂದ ಬಂದ ಮಗಳು ಇಂಚರಾ ತಾಯಿಯ ಮುಖ ನೋಡಿ, “ಮಾಮ್, ಯೂ ಲುಕ್ ರೆಕ್ಡ್,” ಎನ್ನುತ್ತಾಳೆ, ಪಕ್ಕಾ ಡಬ್ಲಿನ್ ರಾಗದಲ್ಲಿ. ಸುಸ್ತಾಗಿ ಬಸವಳಿದಿದ್ದೀಯ ಎಂದರ್ಥ. ಅಪ್ಪನ ಮಣಿಕಟ್ಟು ಕಂಡು ಐಸ್ ತಂದಿಡುತ್ತಾಳೆ. ನಾಗಮಣಿ ಫೋನಿನ ಸದ್ದು ಅಡಗಿಸುತ್ತಾರೆ, ಆಮೇಲೆ ಏನೋ ಯೋಚಿಸಿ ಮತ್ತೆ ಜೋರು ಮಾಡುತ್ತಾರೆ.

ಮುಂದಿನ ಸೆಪ್ಟೆಂಬರಿನಲ್ಲಿ ವ್ಯಾನಿನ ಆ ಸೀಟಿಗೆ ಬೇರೆ ಯಾರೋ ಬರಬಹುದು. ಆ ಬಗ್ಗೆ ಕೇಳಿದರೆ ಅವರು ಕಣ್ಣುಜ್ಜಿಕೊಳ್ಳುತ್ತಾರೆ. “ಯಾರಾದ್ರೂ ಬರ್ಲಿ, ನಂಗೆ ನಿದ್ದೆ ಸಿಕ್ರೆ ಸಾಕು. ಫೋನ್ ತಿಕ್ಕೊಂಡು ಕೂರೋರ್ನ ಮಾತ್ರ ಕಳಿಸ್ಬೇಡಪ್ಪ ಅಂತ ಡೆಕ್ಲನ್‌ಗೆ ಹೇಳ್ಬೇಕು. ಸುಮ್ನೆ ಕೂರೋ ಕೆಲಸ ಅಲ್ಲ ಅದು. ನೋಡ್ತಾ ಕೂರೋ ಕೆಲಸ.”