ಯಂತ್ರ ಕರೆಯುತ್ತಿದ್ದ ಹೆಸರು

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ಜಯನಗರದ ಒಂದು ಆಸ್ಪತ್ರೆಯ ರಿಮೋಟ್ ಮಾನಿಟರಿಂಗ್ ವಿಭಾಗದಲ್ಲಿ ಹಿರಿಯ ನರ್ಸ್ ಆಗಿದ್ದೆ. ನಾವು ಕೊಟ್ಟ ಯಂತ್ರದಲ್ಲಿ ರೋಗಿಗಳು ಮನೆಯಲ್ಲೇ ಬಿ.ಪಿ. ನೋಡಿಕೊಂಡರೆ ಮೊಬೈಲ್ ಮೂಲಕ ಅದು ನಮ್ಮ ಪರದೆಗೆ ಬರುತ್ತಿತ್ತು. ಯಂತ್ರ ಕೊಡುವುದು ಸುಲಭ. ದಿನಾ ಬಳಸುವಂತೆ ಮಾಡುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಹೆದರಿಸಿದರೂ ಅಷ್ಟೇ, ಬೈದರೂ ಅಷ್ಟೇ.

ಒಂದು ಬೆಳಿಗ್ಗೆ ಪದ್ಮನಾಭನಗರದ ರಂಗನಾಥ್ ಅವರ ಖಾತೆಯಿಂದ, ಬಿ.ಪಿ. ವಿಪರೀತ ಏರಿದೆ ಎಂಬ ಎಚ್ಚರಿಕೆ ಬಂತು. ರಂಗನಾಥ್ ನಮ್ಮ ಆಸ್ಪತ್ರೆಯಲ್ಲೇ ತೀರಿಕೊಂಡು ಆಗಲೇ ತಿಂಗಳಾಗಿತ್ತು.

ಫೋನ್ ಮಾಡಿದೆ. ಅವರ ಹೆಂಡತಿ ಲಲಿತಮ್ಮ ಎತ್ತಿಕೊಂಡರು. "ಗಾಬರಿಯಾಗ್ಬೇಡಿ ಸಿಸ್ಟರ್, ಅದು ನಂದೇ. ಈ ವಾರದಿಂದ ಅವರ ಯಂತ್ರದಲ್ಲೇ ದಿನಾ ನೋಡ್ಕೋತಾ ಇದೀನಿ."

ರಂಗನಾಥ್ ಹಿಂದೊಮ್ಮೆ ಹೇಳಿದ್ದಂತೆ, ಮಗಳು ಕೊಡಿಸಿದ ಸ್ಮಾರ್ಟ್‌ವಾಚನ್ನು ಬೀರುವಿನಿಂದ ಹೊರಗೇ ತೆಗೆಯದ ಹೆಂಗಸು ಇವರು. ಈಗೇನಾಯಿತು ಎಂದು ಕೇಳಿದೆ.

"ಆನ್ ಮಾಡಿದ ತಕ್ಷಣ ಅದು ಅವರ ಹೆಸರು ಹಿಡಿದು ನಮಸ್ಕಾರ ಹೇಳತ್ತಲ್ಲ. ಮನೇಲಿ ಇನ್ಯಾರೂ ಆ ಹೆಸರು ಎತ್ತಲ್ಲ. ಮಗಳು ಅಪ್ಪ ಅಂತಾಳೆ. ನಾನಂತೂ ಮದುವೆಯಾದಾಗಿಂದ 'ರೀ' ಅಂತಲೇ ಕರೆದೋಳು. ಒಂದ್ಸಲನೂ ಹೆಸರು ಹೇಳಿಲ್ಲ."

ನಮ್ಮಮ್ಮನೂ ಅಪ್ಪನ ಹೆಸರು ಹೇಳುತ್ತಿರಲಿಲ್ಲ. ಕಾಯಿಲೆಯ ಹೆದರಿಕೆ ಜನರನ್ನು ನಾಲ್ಕು ದಿನ ಯಂತ್ರದ ಮುಂದೆ ಕೂರಿಸುತ್ತದೆ; ಆಮೇಲೂ ಕೂರಿಸುವುದು ಪ್ರೀತಿಯೇ. ಇಷ್ಟು ವರ್ಷದ ನೌಕರಿ ಕಲಿಸದ್ದನ್ನು ಆ ಒಂದು ಕರೆ ಕಲಿಸಿತು.

ಆದರೆ ಅವರ ಬಿ.ಪಿ. ಹಾಗೇ ಬಿಡುವಂಥದ್ದಲ್ಲ, ಪಾರ್ಶ್ವವಾಯು ಹೊಡೆಯಬಹುದಿತ್ತು. ಗಂಡನ ಖಾತೆಯ ಅಳತೆ ನೋಡಿ ಹೆಂಡತಿಗೆ ಡಾಕ್ಟರು ಮಾತ್ರೆ ಬರೆಯುವಂತಿರಲಿಲ್ಲ. ಒಂದು ಯಂತ್ರಕ್ಕೆ ಒಂದೇ ಖಾತೆ. ಹಳೆಯದನ್ನು ಮುಚ್ಚಬೇಕಾದರೆ ಮನೆಯವರೇ ಫೋನಿನಲ್ಲಿ ಖಾತೆದಾರರ ಹೆಸರು ಹೇಳಬೇಕು, ಅದು ರೆಕಾರ್ಡ್ ಆಗಬೇಕು.

"ಹಾಗಾದ್ರೆ ಬೇಡ ಬಿಡಿ," ಎಂದರು ಲಲಿತಮ್ಮ. "ಆ ಹೆಸರೂ ನಿಂತುಹೋದ್ಮೇಲೆ ನಾನ್ಯಾಕೆ ಅದನ್ನ ಕಟ್ಕೊಂಡು ಕೂರ್ಲಿ?"

ನಾನೂ ಬಿಡುವ ಪೈಕಿಯಲ್ಲ. "ಹೊಸ ಖಾತೆಗೆ ಲಲಿತಾ ರಂಗನಾಥ್ ಅಂತ ಹಾಕ್ತೀನಿ. ದಿನಾ ಇಬ್ಬರ ಹೆಸರನ್ನೂ ಒಟ್ಟಿಗೆ ಕರೆಯತ್ತೆ. ಆದ್ರೆ ಈಗ ಒಂದ್ಸಲ ನೀವೇ ಹೇಳ್ಬೇಕಮ್ಮ."

ಅವರ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

"ರಂಗನಾಥ," ಎಂದರು, ಹೊಸ ಸೊಸೆಯ ಹಾಗೆ ನಾಚಿಕೊಂಡು. ಆಮೇಲೆ ಅತ್ತರು. "ಇನ್ನೊಂದ್ಸಲ ಹೇಳ್ಲಾ ಸಿಸ್ಟರ್?" ಎಂದು ಕೇಳಿದರು.

ರೆಕಾರ್ಡಿಂಗಿಗೆ ಒಂದು ಸಲ ಸಾಕಾಗಿತ್ತು. "ಹೇಳಿ ಅಮ್ಮ," ಎಂದೆ.