ಇಡೀ ವಿಮಾನ ಬೇಕಿರಲಿಲ್ಲ

“ಸಾ, ಒಂದಿಡೀ ವಿಮಾನ ಬಾಡಿಗೆಗೆ ಸಿಕ್ತದಾ?”

ಹಾಸನದ ನನ್ನ ಟಿಕೆಟ್ ಬುಕಿಂಗ್ ಅಂಗಡಿಗೆ ಬಂದ ಕಟ್ಟಾಯದ ಜಯಮ್ಮ ನಿಂತೇ ಕೇಳಿದರು. ಲಾರಿ ಓಡಿಸುತ್ತಿದ್ದ ಅವರ ತಮ್ಮ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡು ದೆಹಲಿಯ ಆಸ್ಪತ್ರೆಯಲ್ಲಿದ್ದ. ಬೆಂಗಳೂರಿನಲ್ಲಿ ಆಪರೇಷನ್‌ಗೆ ದಿನ ಗೊತ್ತಾಗಿತ್ತು. ರೈಲಿನ ಕುಲುಕಾಟ ಕೂಡದು ಎಂದಿದ್ದರು ಡಾಕ್ಟರು.

ಬೆಂಗಳೂರಿಗೆ ಎಸ್‌ಟಿಡಿ ಮಾಡಿದೆ. ವಿಮಾನ ಬಾಡಿಗೆಗೆ ಕೊಡುವ ಒಂದು ಕಂಪನಿಯವರು ಅದು ದೆಹಲಿಗೆ ಖಾಲಿ ಹೋಗುವ ಗಂಟೆಗಳನ್ನೂ ಸೇರಿಸಿ ಪೂರ್ತಿ ಹಣ ಮೊದಲೇ ಕಟ್ಟಿ ಎಂದರು. ಇನ್ನೊಂದರವರು ಅರ್ಧ ಮುಂಗಡ ಸಾಕು, ಆದರೆ ಜೊತೆಗೆ ಬರುವ ಡಾಕ್ಟರ ಖರ್ಚು ಬೇರೆ ಎಂದರು. ನಾನು ಫೋನಿಟ್ಟಾಗಲೆಲ್ಲ ಜಯಮ್ಮ ಬಾಗಿಲವರೆಗೆ ಹೋಗಿ ಬರುತ್ತಿದ್ದರು.

“ಇರೋ ತ್ವಾಟ ಮಾರುದ್ರೂ ಎಟುಕಲ್ಲ ಬುಡಿ ಸಾ,” ಎಂದರು ಕೊನೆಗೆ.

ಮಧ್ಯಾಹ್ನ ಮೂರನೇ ಕಂಪನಿಯಲ್ಲಿ ಫೋನೆತ್ತಿದ ಹೆಣ್ಣುಮಗಳು ದರ ಹೇಳಲಿಲ್ಲ. ರೋಗಿ ತಾನಾಗಿ ಉಸಿರಾಡುತ್ತಾನಾ ಎಂದು ಕೇಳಿದಳು. ಜಯಮ್ಮನನ್ನು ವಿಚಾರಿಸಿ ಹೌದೆಂದೆ. ಹಾಗಾದರೆ ಡಾಕ್ಟರ ಪತ್ರವಿದ್ದರೆ ಮಾಮೂಲಿ ವಿಮಾನದಲ್ಲೇ ಕೆಲವು ಸೀಟಿನ ಹಣಕ್ಕೆ ಸ್ಟ್ರೆಚರ್ ಹಾಕಿಕೊಡುತ್ತಾರೆ ಎಂದಳು. ಹಾಗೇ ಬಂದು ಮೂರನೇ ದಿನ ಜಯಮ್ಮನ ತಮ್ಮ ಬೆಂಗಳೂರು ತಲುಪಿದ. ಆಪರೇಷನ್ ಆಗಿ ಈಗ ಕೋಲೂರಿಕೊಂಡು ನಡೆಯುತ್ತಾನೆ.

ಅರ್ಧ ದಿನ ನಾನು ವಿಮಾನಗಳನ್ನೇ ವಿಚಾರಿಸಿದೆ, ಮಲಗಿದ್ದವನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅದು ಇವತ್ತಿಗೂ ಕುಟುಕುತ್ತದೆ.